ಹೈಸ್ಕೂಲ್ ಮಕ್ಕಳಿಗೆ ಸರಿ-ತಪ್ಪಿನ ತೀರ್ಮಾನ ಕಲಿಸಲು ಯಾವ ದಾರಿ ಹಿಡಿಯಬೇಕು?

ಟೈಮ್‌ಟೇಬಲ್‌ನಲ್ಲಿ ಮೌಲ್ಯ ಶಿಕ್ಷಣಕ್ಕೆ ಅಂತ ವಾರಕ್ಕೊಂದು ಪೀರಿಯಡ್ ಇದೆ ಅಂದುಕೊಳ್ಳಿ. ಎಷ್ಟೋ ಶಾಲೆಗಳಲ್ಲಿ ಅದನ್ನು ಗಣಿತದ ಮೇಷ್ಟ್ರು ಕೇಳಿ ತೆಗೆದುಕೊಂಡುಬಿಡುತ್ತಾರೆ, ಆ ಮಾತು ಬೇರೆ. ಹಾಗೂ ಹೀಗೂ ಉಳಿದರೆ ಅದರಲ್ಲಿ ಏನು ಮಾಡುವುದು? ನೀತಿಕಥೆ ಹೇಳುವುದಾ, ಚರ್ಚೆ ಇಡುವುದಾ, ನಾಟಕ ಆಡಿಸುವುದಾ, ಇಲ್ಲಾ ಮಕ್ಕಳ ಕೈಗೇ ಒಂದು ಜವಾಬ್ದಾರಿ ಕೊಟ್ಟು ನಾವು ಸುಮ್ನೆ ಕೂರುವುದಾ? ಹಾಸನ ಜಿಲ್ಲೆಯ ಹೈಸ್ಕೂಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ದಾರಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದ್ದೇನೆ. ಚಿಕ್ಕಮಗಳೂರು ಕಡೆಯವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ ಆಗುತ್ತದೆ.

ವಿಷಯವೇನೂ ಹೊಸದಲ್ಲ. 1964–66ರ ಕೊಠಾರಿ ಆಯೋಗವೇ ನೀತಿ ಶಿಕ್ಷಣಕ್ಕೆ ವಾರಕ್ಕೆ ಒಂದೆರಡು ಪೀರಿಯಡ್ ಮೀಸಲಿಡಿ ಎಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೂ ಸ್ವಲ್ಪ ಮುಂದೆ ಹೋಗುತ್ತದೆ. ನೈತಿಕ ತೀರ್ಮಾನ ಮಾಡಲು ಮಕ್ಕಳಿಗೆ ತರ್ಕದ ಒಂದು ಚೌಕಟ್ಟು ಸಿಗಬೇಕು, ದೊಡ್ಡವರಾಗುತ್ತಾ ಅದು ಮೋಸ, ಹಿಂಸೆ, ಕಸ ಎಸೆಯುವುದು, ಸಹನೆ, ಸಮಾನತೆ ಇಂಥ ವಿಷಯಗಳಿಗೆ ಹರಡಬೇಕು ಎನ್ನುತ್ತದೆ. ಸರಿ, ಆದರೆ ಗುರುವಾರ ಮಧ್ಯಾಹ್ನ ಊಟ ಆದ ಮೇಲೆ ಅರವತ್ತು ಮಕ್ಕಳ ಮುಂದೆ ನಿಂತು ಅದನ್ನು ಮಾಡಬೇಕಾದವರು ನಾವು.

ಮೊದಲು, ಮಕ್ಕಳು ಎಲ್ಲಿ ಸಿಕ್ಕಿಕೊಂಡಿದ್ದಾರೆ ನೋಡಿ

ಯಾವ ವಿಧಾನ ಒಳ್ಳೆಯದು ಅಂತ ಕೇಳುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಬೇಕು. ನಮ್ಮ ಮಕ್ಕಳು ತಪ್ಪು ಮಾಡುವಾಗ ನಿಜವಾಗಿ ಎಡವುತ್ತಿರುವುದು ಎಲ್ಲಿ?

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಜೇಮ್ಸ್ ರೆಸ್ಟ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಇದನ್ನು ನಾಲ್ಕು ಭಾಗ ಮಾಡಿ ತೋರಿಸಿದ. ಇಲ್ಲೊಂದು ಸರಿ-ತಪ್ಪಿನ ಪ್ರಶ್ನೆ ಇದೆ ಅಂತ ಕಣ್ಣಿಗೆ ಬೀಳುವುದು ಒಂದು. ಯಾವುದು ಸರಿ ಅಂತ ಯೋಚಿಸಿ ತೀರ್ಮಾನಿಸುವುದು ಎರಡು. ಬೇರೆ ಆಸೆಗಳಿಗಿಂತ ಆ ಸರಿಯೇ ಮುಖ್ಯ ಅನ್ನಿಸುವುದು ಮೂರು. ಅಡ್ಡಿ ಬಂದರೂ ಮಾಡಿ ಮುಗಿಸುವ ಗಟ್ಟಿತನ ನಾಲ್ಕು. ಇವು ಬೇರೆ ಬೇರೆ ಸಾಮರ್ಥ್ಯಗಳು. ಒಂದು ಇದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ನಮ್ಮ ಕಡೆಯ ಉದಾಹರಣೆ ನೋಡಿ. ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಯಿಂದ ಬರುವ ಹುಡುಗಿಯ ಪಕ್ಕ ಊಟಕ್ಕೆ ಯಾರೂ ಕೂರುವುದಿಲ್ಲ. ಅವಳ ಅಪ್ಪ-ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು, ಅವಳ ಕನ್ನಡ ಇನ್ನೂ ತೊದಲು. ಕೂರದ ಮಕ್ಕಳನ್ನು ಕೇಳಿದರೆ ‘ನಾವೇನು ಮಾಡಿದ್ವಿ ಸಾರ್?’ ಅನ್ನುತ್ತಾರೆ. ಸುಳ್ಳಲ್ಲ, ಅವರಿಗೆ ಅದು ಕಂಡೇ ಇಲ್ಲ. ಇದು ಮೊದಲನೆಯ ಕಡೆಯ ತೊಡಕು.

ಪ್ರಿಪರೇಟರಿ ಪರೀಕ್ಷೆಯ ಹಿಂದಿನ ರಾತ್ರಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಪ್ರಶ್ನೆಪತ್ರಿಕೆ ಬಂತು ಅಂದುಕೊಳ್ಳಿ. ಅದನ್ನು ತೆರೆಯುವುದು ತಪ್ಪು ಅಂತ ಎಲ್ಲರಿಗೂ ಗೊತ್ತು. ಇದರ ಬಗ್ಗೆ ಎಷ್ಟು ಚರ್ಚೆ ಮಾಡಿದರೂ ಹೊಸದೇನೂ ಹುಟ್ಟುವುದಿಲ್ಲ. ‘ಎಲ್ಲರೂ ನೋಡಿದ್ದಾರೆ, ನಾನೊಬ್ಬ ನೋಡದಿದ್ದರೆ ದಡ್ಡ’ ಅನ್ನಿಸುವುದೇ ಅಲ್ಲಿನ ತೊಂದರೆ. ಕೊರತೆ ಇರುವುದು ಮೂರು-ನಾಲ್ಕನೆಯದರಲ್ಲಿ.

ಒಂದೊಂದು ವಿಧಾನ ಇವುಗಳಲ್ಲಿ ಒಂದೊಂದಕ್ಕೆ ಮದ್ದು. ಎಲ್ಲದಕ್ಕೂ ಒಂದೇ ಮಾತ್ರೆ ಕೊಡುವುದರಿಂದಲೇ ಮೌಲ್ಯ ಶಿಕ್ಷಣದ ಪೀರಿಯಡ್ ಇಷ್ಟು ಸಪ್ಪೆಯಾಗಿರುವುದು ಅನ್ನುವುದು ನನ್ನ ಲೆಕ್ಕ.

ಉಪದೇಶ ಮತ್ತು ನೀತಿಕಥೆ

ಬೆಳಗ್ಗೆ ಪ್ರಾರ್ಥನೆ ಹೊತ್ತಿನ ನುಡಿಮುತ್ತು, ಮಹಾತ್ಮರ ಕಥೆ, ಕೊನೆಗೆ ‘ಇದರಿಂದ ನಾವು ಕಲಿಯುವ ನೀತಿ’. ಖರ್ಚಿಲ್ಲ, ತಯಾರಿ ಬೇಡ, ಪೋಷಕರ ತಕರಾರೂ ಇಲ್ಲ. ಅದಕ್ಕೇ ಎಲ್ಲ ಕಡೆ ಇದೆ.

ಇದರಿಂದ ನಡತೆ ಬದಲಾಗುತ್ತದೆ ಅಂತ ನಂಬಲು ಮಾತ್ರ ಆಧಾರ ಕಡಿಮೆ. ಹಾರ್ಟ್‌ಶೋರ್ನ್ ಮತ್ತು ಮೇ ಎಂಬ ಇಬ್ಬರು 1920ರ ದಶಕದಲ್ಲಿ ಅಮೆರಿಕದ 10,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದರು. ಮೋಸ ಮಾಡಲು ಅವಕಾಶ ಇರುವ ಸಣ್ಣ ಸಣ್ಣ ಸನ್ನಿವೇಶ ಒಡ್ಡಿ, ಯಾರು ಏನು ಮಾಡುತ್ತಾರೆ ಅಂತ ನೋಡಿದರು. ಒಂದು ಕಡೆ ಪ್ರಾಮಾಣಿಕವಾಗಿದ್ದ ಮಗು ಇನ್ನೊಂದು ಕಡೆ ಮೋಸ ಮಾಡಿತು. ಧರ್ಮದ ಪಾಠಕ್ಕೆ ಹೋಗುವ ಮಕ್ಕಳು, ನಡತೆ ತಿದ್ದುವ ಸಂಘಗಳ ಮಕ್ಕಳು ಬೇರೆಯವರಿಗಿಂತ ಹೇಳಿಕೊಳ್ಳುವಷ್ಟು ಪ್ರಾಮಾಣಿಕರಾಗಿ ಕಾಣಲಿಲ್ಲ. ಸಿಕ್ಕಿಬೀಳುವ ಭಯ ಎಷ್ಟು, ಪಕ್ಕದವರು ಏನು ಮಾಡುತ್ತಿದ್ದಾರೆ, ಇವೇ ಜಾಸ್ತಿ ಕೆಲಸ ಮಾಡಿದ್ದವು. ನಮ್ಮಲ್ಲೂ 2024ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್ ಬಂದಿದೆ. ಕ್ಯಾಮೆರಾ ಕೆಳಗೆ ಚೀಟಿ ತೆಗೆಯದ ಹುಡುಗ ಶಾಲೆಯ ಕಿರುಪರೀಕ್ಷೆಯಲ್ಲಿ ತೆಗೆಯುವುದಿಲ್ಲ ಅಂತ ಯಾವ ಮೇಷ್ಟ್ರೂ ಹೇಳಲಾರರು, ಅಲ್ವಾ?

ಹಾಗಂತ ಕಥೆ ಬೇಡವೇ ಬೇಡ ಅನ್ನುವುದಿಲ್ಲ. ಲೈನ್ ಮನೆಯ ಹುಡುಗಿಯಂಥ ಪ್ರಸಂಗದಲ್ಲಿ, ಅಂದರೆ ಕಣ್ಣು ತೆರೆಸಬೇಕಾದಲ್ಲಿ, ಒಳ್ಳೆಯ ಕಥೆಗಿಂತ ಚೆನ್ನಾಗಿ ಕೆಲಸ ಮಾಡುವುದು ಕಡಿಮೆ. ಕಥೆ ಹೇಳಿ, ಕೊನೆಯ ನೀತಿ ಮಾತ್ರ ಹೇಳಬೇಡಿ. ‘ಆ ಹುಡುಗಿಗೆ ಆವತ್ತು ಮಧ್ಯಾಹ್ನ ಹೇಗಿತ್ತು, ನಾಲ್ಕು ಸಾಲು ಬರೆಯಿರಿ’ ಅನ್ನಿ. ಎಂಟನೇ ಕ್ಲಾಸಿಗೆ ಇದು ಸಾಕು.

ಇಕ್ಕಟ್ಟಿನ ಚರ್ಚೆ

ನನ್ನ ಒಲವು ಇರುವುದು ಇಲ್ಲಿ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎರಡು ಕಡೆಯೂ ತೂಕ ಇರುವ ಒಂದು ಇಕ್ಕಟ್ಟು ಕೊಟ್ಟು, ಮಕ್ಕಳೇ ವಾದ ಮಾಡುವಂತೆ ಬಿಡುವುದು ಈ ವಿಧಾನ. ಇದಕ್ಕೆ ಬುನಾದಿ ಹಾಕಿದವನು ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್. ಹೆಂಡತಿಯ ಜೀವ ಉಳಿಸಲು ದುಬಾರಿ ಔಷಧ ಕದಿಯಬಹುದೇ ಎಂಬ ಅವನ ಪ್ರಶ್ನೆ ಬಿ.ಎಡ್. ಓದಿದ ಎಲ್ಲರಿಗೂ ಗೊತ್ತು. ಮಕ್ಕಳು ‘ಹೌದು’ ಅಂದರೋ ‘ಇಲ್ಲ’ ಅಂದರೋ ಅನ್ನುವುದಕ್ಕಿಂತ ‘ಯಾಕೆ’ ಅನ್ನುವುದನ್ನು ಅವನು ನೋಡಿದ, ಆ ಕಾರಣಗಳನ್ನು ಕೆಳಗಿನಿಂದ ಮೇಲಕ್ಕೆ ಮೆಟ್ಟಿಲುಗಳಾಗಿ ಜೋಡಿಸಿದ. ಅವನೂ ಅವನ ಜೊತೆಗಾರ ಮೋಶೆ ಬ್ಲಾಟ್ಟೂ 1975ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಕ್ಲಾಸಿನಲ್ಲಿ ಹೀಗೆ ವಾರಗಟ್ಟಲೆ ಚರ್ಚೆ ನಡೆಸಿದರೆ ಮಕ್ಕಳು ಕಾರಣ ಕೊಡುವ ರೀತಿ ಮೇಲಕ್ಕೆ ಏರುತ್ತದೆ ಅಂತ ಕಂಡಿತು. ತಮಗಿಂತ ಒಂದು ಮೆಟ್ಟಿಲು ಮೇಲಿನ ವಾದ ಗೆಳೆಯರ ಬಾಯಲ್ಲಿ ಕೇಳಿದಾಗ ಹೀಗಾಗುತ್ತದೆ ಎಂಬುದು ಅವರ ವಿವರಣೆ.

ಇಕ್ಕಟ್ಟು ಮಾತ್ರ ನಮ್ಮ ಊರಿನದೇ ಆಗಿರಲಿ. ಔಷಧದ ಕಥೆ ಮಕ್ಕಳಿಗೆ ಪಠ್ಯಪುಸ್ತಕದ ಕಥೆ. ಇದನ್ನು ನೋಡಿ:

ಸಕಲೇಶಪುರದ ಹತ್ತಿರದ ಒಂದು ಊರು. ಕಾಡಾನೆ ಗದ್ದೆಗೆ ಇಳಿದು ಕೊಯ್ಲಿಗೆ ಬಂದ ಭತ್ತ ತುಳಿದಿದೆ. ಪರಿಹಾರಕ್ಕೆ ಅರ್ಜಿ ಹಾಕಿದ್ದಾರೆ, ದುಡ್ಡು ಬಂದಿಲ್ಲ. ಅಪ್ಪ ಈಗ ರಾತ್ರಿ ಹೊತ್ತು ಮನೆಯ ಕರೆಂಟನ್ನೇ ತಂತಿ ಬೇಲಿಗೆ ಕೊಡುತ್ತಿದ್ದಾರೆ. ಒಂಬತ್ತನೇ ಕ್ಲಾಸಿನ ದೀಪುವಿಗೆ ಇದು ಗೊತ್ತು. ಬೇಲಿಯ ಪಕ್ಕದಲ್ಲೇ ಕೂಲಿಯವರು ನಸುಕಿನಲ್ಲಿ ಓಡಾಡುವ ಕಾಲುದಾರಿ ಇದೆ. ಸಂಜೆ ಫಾರೆಸ್ಟ್ ಗಾರ್ಡ್ ಬಂದು, ‘ಈ ಕಡೆ ಯಾರಾದ್ರೂ ಬೇಲಿಗೆ ಕರೆಂಟ್ ಕೊಟ್ಟಿದ್ದಾರೇನಪ್ಪಾ?’ ಅಂತ ದೀಪುವನ್ನೇ ಕೇಳುತ್ತಾರೆ. ಅಪ್ಪ ಮನೆಯಲ್ಲಿಲ್ಲ. ದೀಪು ಏನು ಹೇಳಬೇಕು?

ಉತ್ತರಗಳು ಥರಾವರಿ ಬರುತ್ತವೆ. ‘ಹೇಳಿದ್ರೆ ಅಪ್ಪ ಹೊಡೀತಾರೆ’ ಅನ್ನುವುದು ಕೋಲ್‌ಬರ್ಗನ ಮೊದಲ ಮೆಟ್ಟಿಲು. ‘ಊರವರು ಅಪ್ಪನ್ನ ಹಿಡಿದುಕೊಟ್ಟ ಮಗ ಅಂತಾರೆ’ ಅನ್ನುವುದು ಮೂರನೆಯದು. ಹದಿಹರೆಯದ ಹೆಚ್ಚಿನವರು ನಿಂತಿರುವುದು ಇದರ ಆಸುಪಾಸಿನಲ್ಲೇ. ‘1972ರ ವನ್ಯಜೀವಿ ಕಾಯ್ದೆ ಇದೆಯಲ್ಲ’ ಅನ್ನುವವಳು ನಾಲ್ಕನೆಯದರಲ್ಲಿ ಇದ್ದಾಳೆ. ‘ಕೂಲಿಯವರಿಗೆ ಗೊತ್ತೇ ಇಲ್ಲ, ಗೊತ್ತಿಲ್ಲದವರ ಜೀವದ ಮೇಲೆ ನಾವು ಬೆಳೆ ಕಾಯಬಹುದಾ?’ ಅಂತ ಹಿಂದಿನ ಬೆಂಚಿನಿಂದ ಒಬ್ಬ ಕೇಳಿಬಿಟ್ಟರೆ ಆವತ್ತಿನ ಪೀರಿಯಡ್ ಗೆದ್ದ ಹಾಗೆ. ಈ ಮೆಟ್ಟಿಲುಗಳನ್ನು ಮೇಷ್ಟ್ರು ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಕು. ಮಕ್ಕಳಿಗೆ ಅಂಕ ಹಾಕಲು ಬಳಸಬಾರದು. ಕೋಲ್‌ಬರ್ಗ್ ಶುರುವಿನಲ್ಲಿ ಅಭ್ಯಾಸ ಮಾಡಿದ್ದು ಬರೀ ಹುಡುಗರನ್ನು. ಸಂಬಂಧ, ಕಾಳಜಿ ಇವುಗಳಿಂದ ಹೊರಡುವ ಯೋಚನೆಯನ್ನು ಅವನು ಕೆಳಗಿನ ಮೆಟ್ಟಿಲಿಗೆ ತಳ್ಳಿದ ಎಂದು ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲಿಗನ್ 1982ರಲ್ಲೇ ಆಕ್ಷೇಪ ಎತ್ತಿದ್ದಳು. ‘ಮೊದಲು ಅಮ್ಮನ ಹತ್ತಿರ ಮಾತಾಡಬೇಕು’ ಅನ್ನುವ ಹುಡುಗಿಯ ಉತ್ತರ ಕೀಳು ಅಂತ ನನಗಂತೂ ಅನ್ನಿಸುವುದಿಲ್ಲ.

ಮಕ್ಕಳು ತಪ್ಪಿಸಿಕೊಳ್ಳುವ ದಾರಿಯನ್ನೂ ಹುಡುಕುತ್ತಾರೆ. ‘ರಾತ್ರಿ ದೀಪುನೇ ಮೇನ್ ಸ್ವಿಚ್ ಆಫ್ ಮಾಡ್ಲಿ ಸಾರ್’ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಜಾಣ ಉತ್ತರವೇ. ‘ಒಳ್ಳೇದು, ಅದನ್ನು ಕೊನೆಗೆ ನೋಡೋಣ. ಈಗ ಗಾರ್ಡ್ ಎದುರಿಗೆ ನಿಂತಿದ್ದಾರೆ’ ಅಂತ ವಾಪಸ್ ಕರೆತನ್ನಿ.

ನಡೆಸುವ ಕ್ರಮಕ್ಕೆ ಜರ್ಮನಿಯ ಗೇಯಾರ್ಗ್ ಲಿಂಡ್ ರೂಪಿಸಿದ ಪದ್ಧತಿ ನನಗೆ ಎಲ್ಲಕ್ಕಿಂತ ಹಿಡಿಸಿದೆ. ಮೊದಲು ಎಲ್ಲರೂ ಒಂದು ಕಡೆಗೆ ಮತ ಹಾಕಬೇಕು. ತಮ್ಮ ಪಕ್ಷದವರ ಜೊತೆ ಸಣ್ಣ ಗುಂಪಿನಲ್ಲಿ ಕಾರಣ ಕೂಡಿಹಾಕಬೇಕು. ಆಮೇಲೆ ವಾದ. ನಿಯಮ ಎರಡೇ. ಏನು ಬೇಕಾದರೂ ಹೇಳಬಹುದು, ವ್ಯಕ್ತಿಯನ್ನು ಮಾತ್ರ ಹಳಿಯಬಾರದು. ಮಾತಾಡಿ ಮುಗಿಸಿದವರೇ ಎದುರು ಪಕ್ಷದಿಂದ ಮುಂದಿನವರನ್ನು ಕರೆಯಬೇಕು. ಈ ಎರಡನೆಯ ನಿಯಮ ಮಾಡುವ ಕೆಲಸ ದೊಡ್ಡದು. ಮೇಷ್ಟ್ರು ನಡುವೆ ಬಾಯಿ ಹಾಕುವ ಹಾಗಿಲ್ಲ. ಎದ್ದು ನಿಲ್ಲುವ ಅದೇ ನಾಲ್ಕು ಮಕ್ಕಳೇ ಎಲ್ಲಾ ಮಾತಾಡುವುದೂ ತಪ್ಪುತ್ತದೆ. ಕೊನೆಗೆ ಎದುರು ಪಕ್ಷದವರ ಯಾವ ವಾದ ಚೆನ್ನಾಗಿತ್ತು ಅಂತ ಪ್ರತಿಯೊಬ್ಬರೂ ಹೇಳಬೇಕು. ಮತ್ತೆ ಮತದಾನ.

ಲಿಂಡ್ ಇದಕ್ಕೆ ಒಂದೂವರೆ ಗಂಟೆ ಇಡುತ್ತಾನೆ. ನಮ್ಮ ಪೀರಿಯಡ್ ನಲವತ್ತು ನಿಮಿಷ. ಎರಡು ಪೀರಿಯಡ್ ಒಟ್ಟಿಗೆ ಕೇಳಿ ತೆಗೆದುಕೊಳ್ಳಿ. ಆಗದಿದ್ದರೆ ಮತ ಮತ್ತು ಗುಂಪು ಈ ವಾರ, ವಾದ ಮುಂದಿನ ವಾರ. ಹೆಣ್ಣುಮಕ್ಕಳು ಮೊದಲ ಸಲ ಕೈ ಎತ್ತುವುದಿಲ್ಲ. ಮೊದಲ ಮತವನ್ನು ಚೀಟಿಯಲ್ಲಿ ಬರೆಸಿದರೆ ಅವರ ಮಾತೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಅಪಾಯದ ಮಾತು. ದೀಪುವಿನ ಕಥೆಯನ್ನು ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯ ಕ್ಲಾಸಿನಲ್ಲಿ ಹಾಗೇ ಇಡಬೇಡಿ. ಮಾತು ಅಲ್ಲೇ ಬಿಸಿಯಾಗಿ ನಡೆಯುತ್ತದೆ, ನಿಜ. ಆದರೆ ಆ ಕ್ಲಾಸಿನಲ್ಲೇ ಅಂಥ ಬೇಲಿಯ ಮನೆಯ ಮಗು ಕೂತಿರಬಹುದು. ಅರಸೀಕೆರೆ, ಚನ್ನರಾಯಪಟ್ಟಣದಲ್ಲಿ ಅದನ್ನು ಇಡಿ. ಮಲೆನಾಡಿನ ಶಾಲೆಗೆ ತೆಂಗಿನ ತೋಟದ ಇಕ್ಕಟ್ಟು ಕೊಡಿ. ಯಾವ ಮಗುವಿನ ಮನೆಗೂ ನೇರ ತಾಗದ, ಆದರೆ ಎಲ್ಲರಿಗೂ ಅರ್ಥವಾಗುವ ದೂರ ಬೇಕು. ಜಾತಿ, ಧರ್ಮದ ಇಕ್ಕಟ್ಟು ಮೊದಲ ತಿಂಗಳಲ್ಲೇ ಬೇಡ. ಕ್ಲಾಸು ಈ ಆಟದ ನಿಯಮಕ್ಕೆ ಒಗ್ಗಿದ ಮೇಲೆ ತರಬಹುದು, ತರಲೂ ಬೇಕು. ಸರ್ಕಾರದ ಹಣದಿಂದಲೇ ಪೂರ್ತಿ ನಡೆಯುವ ಶಾಲೆಯಲ್ಲಿ ಧರ್ಮ ಬೋಧನೆಗೆ ಸಂವಿಧಾನದ 28ನೇ ವಿಧಿಯ ತಡೆ ಇದೆ. ಎರಡೂ ಕಡೆ ಕೇಳುವ ಚರ್ಚೆ ಧರ್ಮ ಬೋಧನೆಯಲ್ಲ. ಆದರೂ ಎಚ್.ಎಂ. (ಮುಖ್ಯ ಶಿಕ್ಷಕರು) ಅವರಿಗೆ ಮೊದಲೇ ತಿಳಿಸಿರುವುದು ಕ್ಷೇಮ.

ಇನ್ನೊಂದು ವಿಷಯ ಮರೆಯುವ ಹಾಗಿಲ್ಲ. ಚರ್ಚೆ ಮುಗಿದ ಮೇಲೆ ಒಂದು ಮಗು ಹತ್ತಿರ ಬಂದು ‘ನನಗೂ ಹೀಗೆ ಆಗಿದೆ ಮಿಸ್’ ಅನ್ನಬಹುದು. ಅದು ಲೈಂಗಿಕ ದೌರ್ಜನ್ಯದ ಮಾತಾಗಿದ್ದರೆ, 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಕರ್ತವ್ಯ, ಅಲ್ಲಿ ಆಯ್ಕೆಯ ಪ್ರಶ್ನೆ ಇಲ್ಲ. ಮಕ್ಕಳ ಸಹಾಯವಾಣಿ 1098. ‘ಯಾರಿಗೂ ಹೇಳುವುದಿಲ್ಲ’ ಅಂತ ಮಗುವಿಗೆ ಮಾತು ಕೊಡಬೇಡಿ.

ಆಡಿ ನೋಡುವುದು

ಪ್ರಶ್ನೆಪತ್ರಿಕೆಯ ಉದಾಹರಣೆಗೆ ವಾಪಸ್ ಬನ್ನಿ. ಏನು ಸರಿ ಅಂತ ಗೊತ್ತು, ಗೆಳೆಯರ ಎದುರು ಬಾಯಿ ಬರುವುದಿಲ್ಲ. ಇಂಥ ಕಡೆ ಪಾತ್ರಾಭಿನಯದಷ್ಟು ಉಪಯೋಗ ಬೇರೆ ಯಾವುದೂ ಇಲ್ಲ. ಬ್ರೆಜಿಲ್‌ನ ಅಗಸ್ಟೊ ಬೋಲ್ ಬೆಳೆಸಿದ ಫೋರಂ ಥಿಯೇಟರ್ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೂರು ನಿಮಿಷದ ಸಣ್ಣ ನಾಟಕ, ಅದು ಕೆಟ್ಟದಾಗಿ ಮುಗಿಯುತ್ತದೆ. ಮತ್ತೆ ಶುರುವಿನಿಂದ ಆಡುತ್ತಾರೆ. ಈ ಸಲ ನೋಡುತ್ತಿರುವ ಯಾರಾದರೂ ‘ತಡಿ’ ಅಂತ ನಿಲ್ಲಿಸಿ, ಆ ಪಾತ್ರದ ಜಾಗಕ್ಕೆ ತಾವೇ ಹೋಗಿ ಬೇರೆ ಥರ ಮಾಡಿ ನೋಡಬಹುದು.

‘ನಾನು ಗುಂಪಿನಿಂದ ಹೊರಗೆ ಬರ್ತೀನಿ’ ಅಂತ ಬರೆಯುವುದು ಸುಲಭ. ಎದುರಿಗೆ ಮೂವರು ನಿಂತು ‘ಓಹೋ, ಬಂದ್ರು ನೋಡ್ರೋ ಸತ್ಯಹರಿಶ್ಚಂದ್ರ’ ಅಂದಾಗ ಏನು ಹೇಳುತ್ತೀಯ? ಆ ಒಂದು ವಾಕ್ಯ ಹುಡುಕುವುದೇ ಇಲ್ಲಿನ ಪಾಠ. ಒಬ್ಬ ನಗಿಸಿ ಮಾತು ತೇಲಿಸುತ್ತಾನೆ, ಇನ್ನೊಬ್ಬಳು ನೇರ ಹೇಳುತ್ತಾಳೆ, ಮತ್ತೊಬ್ಬ ಫೋನಿನ ಡೇಟಾ ಖಾಲಿ ಅನ್ನುತ್ತಾನೆ. ಯಾವುದು ನಿಜಕ್ಕೂ ನಡೆಯುತ್ತದೆ ಅನ್ನುವುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಹುಡುಗಿಯ ಫೋಟೊ ಎಡಿಟ್ ಮಾಡಿ ಹರಿಬಿಡುವುದು, ಹಬ್ಬದ ದಿನ ಕುಡಿಯಲು ಒತ್ತಾಯ, ಇವಕ್ಕೂ ಇದೇ ದಾರಿ.

ತೊಂದರೆ ಎರಡು. ಪಕ್ಕದ ಕ್ಲಾಸಿನವರು ಗಲಾಟೆ ಅಂತ ಬರುತ್ತಾರೆ. ಮತ್ತೆ, ಅಪ್ಪಟ ನಟರು ಸಿಕ್ಕಿಬಿಟ್ಟರೆ ಎಲ್ಲವೂ ಕಾಮಿಡಿ ಷೋ ಆಗುತ್ತದೆ.

ನಿಜವಾದ ಜವಾಬ್ದಾರಿ

ಶಾಲಾ ಸಂಸತ್ತು ನಮ್ಮಲ್ಲಿ ಎಲ್ಲ ಕಡೆ ಇದೆ. ಜೂನ್-ಜುಲೈನಲ್ಲಿ ಚುನಾವಣೆ, ಮೊಬೈಲ್ ಆ್ಯಪ್‌ನಲ್ಲಿ ಮತ, ಪ್ರಮಾಣವಚನ, ಫೋಟೊ. ಆಮೇಲೆ ಸ್ವಚ್ಛತಾ ಮಂತ್ರಿ ವರ್ಷವಿಡೀ ಕಸ ಗುಡಿಸುತ್ತಾನೆ. ಆಹಾರ ಮಂತ್ರಿ ತಟ್ಟೆ ಎಣಿಸುತ್ತಾಳೆ. ತೀರ್ಮಾನ ಒಂದೂ ಅವರ ಕೈಯಲ್ಲಿಲ್ಲ. ಮಕ್ಕಳಿಗೆ ಇದರಿಂದ ಏನಾದರೂ ಪಾಠ ಸಿಕ್ಕರೆ, ಪದವಿ ಅಂದರೆ ಹೆಸರು ಮಾತ್ರ ಅನ್ನುವುದೇ ಸಿಗುತ್ತದೆ.

ಕೋಲ್‌ಬರ್ಗನಿಗೂ ಕೊನೆಕೊನೆಗೆ ಬರೀ ಚರ್ಚೆ ಸಾಲದು ಅನ್ನಿಸಿತ್ತು. 1974ರಲ್ಲಿ ಮ್ಯಾಸಚುಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಒಂದು ಶಾಲೆಯೊಳಗೆ ಸಣ್ಣ ಶಾಲೆ ಶುರುವಾಯಿತು. ಅಲ್ಲಿ ವಾರದ ಸಭೆಯಲ್ಲಿ ಶಿಕ್ಷಕರಿಗೂ ಒಂದೇ ಮತ, ವಿದ್ಯಾರ್ಥಿಗೂ ಒಂದೇ ಮತ. ಒಮ್ಮೆ ಒಬ್ಬಳ ಪರ್ಸಿನಿಂದ ಹಣ ಕಳವಾಯಿತು. ಕಳ್ಳ ಸಿಗದಿದ್ದರೆ ಎಲ್ಲರೂ ಸೇರಿ ಆ ಹಣ ತುಂಬಿಕೊಡಬೇಕು ಅಂತ ಸಭೆ ತೀರ್ಮಾನಿಸಿತು. ಕಳವು ಒಬ್ಬರ ತಪ್ಪಾಗಿ ಉಳಿಯದೆ ಎಲ್ಲರ ವಿಷಯವಾಯಿತು.

ಅಷ್ಟು ದೂರ ಹೋಗಲು ನಮ್ಮಲ್ಲಿ ಆಗದು, ಬೇಕಾಗಿಯೂ ಇಲ್ಲ. ಸಣ್ಣದಾಗಿ ಒಂದು ‘ಪ್ರಾಮಾಣಿಕತೆಯ ಅಂಗಡಿ’ ಇಡಬಹುದು. ಕಾರಿಡಾರಿನ ಮೂಲೆಯಲ್ಲಿ ಪೆನ್ನು, ರಬ್ಬರ್, ನೋಟ್‌ಬುಕ್. ಬೆಲೆಯ ಪಟ್ಟಿ, ಒಂದು ಡಬ್ಬ. ಕಾಯುವವರು ಯಾರೂ ಇಲ್ಲ. ಪ್ರತಿ ಶನಿವಾರ ಲೆಕ್ಕ ಮಾಡಿ ಬೋರ್ಡಿನಲ್ಲಿ ಬರೆಯುವುದು ಮಕ್ಕಳ ಕೆಲಸ. ದುಡ್ಡು ಕಡಿಮೆ ಬಂದೇ ಬರುತ್ತದೆ. ಇದರ ನಿಜವಾದ ಬೆಲೆ ಇರುವುದು ಆ ಶನಿವಾರವೇ. ಹುಡುಕಾಟಕ್ಕೆ ಇಳಿಯಬೇಡಿ, ಕ್ಯಾಮೆರಾ ಹಾಕಬೇಡಿ. ‘ನೂರ ಹತ್ತು ರೂಪಾಯಿ ಕಡಿಮೆ ಇದೆ. ಅಂಗಡಿ ಮುಚ್ಚೋಣವಾ, ನಡೆಸೋಣವಾ?’ ಅಂತ ಕೇಳಿ ಕೂತುಬಿಡಿ. ಮುಚ್ಚೋಣ ಅಂದರೆ ಮುಚ್ಚಲೇಬೇಕು.

ಮಕ್ಕಳ ಗ್ರಾಮಸಭೆಯೂ ಒಳ್ಳೆಯ ಜಾಗ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸುತ್ತದೆ. ಸಾಮಾನ್ಯವಾಗಿ ಮೇಷ್ಟ್ರು ಬರೆದುಕೊಟ್ಟ ಪ್ರಶ್ನೆಯನ್ನು ಮಕ್ಕಳು ಓದುತ್ತಾರೆ. ಅದರ ಬದಲು, ಇರುವ ಬೇಡಿಕೆಗಳಲ್ಲಿ ಯಾವುದು ಮೊದಲು ಅಂತ ಮಕ್ಕಳೇ ಗುದ್ದಾಡಿ ಆರಿಸಲಿ. ಶಾಲೆಯ ಕಾಂಪೌಂಡಾ, ಲೈನ್ ಮನೆಗಳಿಗೆ ಹೋಗುವ ದಾರಿಗೆ ದೀಪವಾ? ಎಲ್ಲರಿಗೂ ಸ್ವಲ್ಪ ಅನುಕೂಲ ಒಂದು ಕಡೆ, ಕೆಲವರಿಗೆ ತೀರಾ ಅಗತ್ಯ ಇನ್ನೊಂದು ಕಡೆ. ಇದಕ್ಕಿಂತ ಒಳ್ಳೆಯ ಇಕ್ಕಟ್ಟನ್ನು ಕೂತು ಬರೆಯಲು ಆಗುವುದಿಲ್ಲ.

ಉಳಿದವು

ಮ್ಯಾಥ್ಯೂ ಲಿಪ್‌ಮನ್ 1970ರ ದಶಕದಲ್ಲಿ ಅಮೆರಿಕದಲ್ಲಿ ಶುರುಮಾಡಿದ ‘ಮಕ್ಕಳಿಗೆ ತತ್ವಶಾಸ್ತ್ರ’ ಪದ್ಧತಿಯಲ್ಲಿ ಮಕ್ಕಳು ವೃತ್ತಾಕಾರ ಕೂತು ಒಂದು ಕಥೆ ಓದಿ, ಪ್ರಶ್ನೆಯನ್ನೂ ತಾವೇ ಎತ್ತುತ್ತಾರೆ. ಸೊಗಸಾದ ಪದ್ಧತಿ. ಆದರೆ ತರಬೇತಿ ಬೇಕು, ಇಪ್ಪತ್ತು-ಇಪ್ಪತ್ತೈದು ಮಕ್ಕಳ ಕ್ಲಾಸ್ ಬೇಕು. ಕಡಿಮೆ ಮಕ್ಕಳಿರುವ ಮಲೆನಾಡಿನ ಶಾಲೆಗಳಿಗೆ ಹೊಂದಬಹುದು.

ಯಾರಿಗೆ ಲಾಭ, ಯಾರಿಗೆ ನಷ್ಟ, ನಿಯಮ ಏನು, ಎಲ್ಲರಿಗೂ ಗೊತ್ತಾದರೆ ನಾಚಿಕೆ ಆಗುತ್ತಾ ಅನ್ನುವ ಥರದ ಪ್ರಶ್ನೆಪಟ್ಟಿಯನ್ನು ಗೋಡೆಗೆ ಅಂಟಿಸುವುದು ಕೆಟ್ಟದ್ದೇನಲ್ಲ. ಚರ್ಚೆಗೆ ಊರುಗೋಲಾಗಿ ಬಳಸಿ. ಬಾಯಿಪಾಠ ಮಾಡಿಸಿದರೆ ಕೆಟ್ಟಿತು.

ಹೊರಗಿನವರು ಬಂದು ಒಂದು ದಿನ ನಡೆಸಿ, ಸರ್ಟಿಫಿಕೇಟ್ ಕೊಟ್ಟು ಹೋಗುವ ವರ್ಕ್‌ಶಾಪ್: ದುಡ್ಡು ಉಳಿಸಿ.

ಯಾವ ಶಾಲೆಗೆ ಯಾವುದು

ಪೀರಿಯಡ್ ಸಿಗುತ್ತದೆ, ನಡುವೆ ಬಾಯಿ ಹಾಕದೆ ಕೂರಬಲ್ಲ ಒಬ್ಬ ಶಿಕ್ಷಕರಾದರೂ ಇದ್ದಾರೆ ಅಂದರೆ ಇಕ್ಕಟ್ಟಿನ ಚರ್ಚೆ ಆರಿಸಿ. ಅದು ಕಷ್ಟದ ಗುಣ. ನಾವು ಮೇಷ್ಟ್ರುಗಳು ಮಾತಾಡಲು ಸಂಬಳ ಪಡೆಯುವವರು. ಪೀರಿಯಡ್ಡೇ ಸಿಗದಿದ್ದರೆ ಅಂಗಡಿ ಇಡಿ, ಅದಕ್ಕೆ ಶನಿವಾರದ ಅರ್ಧ ಗಂಟೆ ಸಾಕು. ಆದರೆ ಮಕ್ಕಳ ತೀರ್ಮಾನಕ್ಕೆ ತಲೆಬಾಗಲು ಎಚ್.ಎಂ. ಒಪ್ಪಬೇಕು. ‘ನೋಡೋಣ’ ಅನ್ನುವ ಎಚ್.ಎಂ. ಇದ್ದರೆ ಅಂಗಡಿ ಬೇಡ, ಚರ್ಚೆಯೇ ವಾಸಿ. ಹಾಸ್ಟೆಲ್ ಇರುವ ಶಾಲೆಗೆ ನಾಟಕ ಮೊದಲು, ಅಲ್ಲಿ ಗೆಳೆಯರ ಒತ್ತಡ ಇಪ್ಪತ್ನಾಲ್ಕು ಗಂಟೆಯದು. ಹೊರ ಊರಿನಿಂದ, ಬೇರೆ ಭಾಷೆಯ ಮನೆಗಳಿಂದ ಬಂದ ಮಕ್ಕಳು ಜಾಸ್ತಿ ಇದ್ದರೆ ಕಥೆಯಿಂದ ಶುರು ಮಾಡಿ.

ಕೆಲಸ ಆಗುತ್ತಿದೆಯಾ ಅಂತ ನೋಡಲು ಒಂದು ಸರಳ ಪರೀಕ್ಷೆ ಇದೆ. ವರ್ಷದ ಮೊದಲಲ್ಲೂ ಕೊನೆಯಲ್ಲೂ ಒಂದೇ ಇಕ್ಕಟ್ಟು ಕೊಟ್ಟು, ‘ನೀನು ಒಪ್ಪದ ಕಡೆಯವರ ಅತ್ಯಂತ ಗಟ್ಟಿ ವಾದ ಬರೆ’ ಅನ್ನಿ. ಮೊದಲ ಸಲ ಹೆಚ್ಚಿನವರು ಒಂದು ಸಾಲು ಬರೆದು ಅದನ್ನೂ ಗೇಲಿ ಮಾಡಿರುತ್ತಾರೆ. ಎರಡನೆಯ ಸಲ ಅದು ನಾಲ್ಕು ಸಾಲಾಗಿದ್ದರೆ ಏನೋ ನಡೆದಿದೆ. ಅಂಕ ಕೊಡಬೇಡಿ. ಕೊಟ್ಟರೆ ಮೇಷ್ಟ್ರಿಗೆ ಇಷ್ಟವಾಗುವ ಉತ್ತರ ಬರುತ್ತದೆ.

ಕ್ಯಾಲೆಂಡರನ್ನೂ ನೋಡಿಕೊಳ್ಳಿ. ಜುಲೈನಲ್ಲಿ ಮಲೆನಾಡಿನ ತಾಲೂಕುಗಳಿಗೆ ಮಳೆ ರಜೆ ಬೀಳುತ್ತದೆ, ಎರಡು ವಾರ ಹಿಡಿಯುವ ಚರ್ಚೆ ಆಗ ಮಧ್ಯಕ್ಕೇ ನಿಂತುಹೋಗುತ್ತದೆ. ನವೆಂಬರ್ ನಂತರ ಕಾಫಿ ಕೊಯ್ಲು, ಕೆಲವು ಮಕ್ಕಳು ತೋಟಕ್ಕೆ ಹೋಗುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ನಾಲ್ಕೈದು ಇಕ್ಕಟ್ಟು ಮುಗಿಸಿದರೆ ಸಾಕು. ಹತ್ತನೇ ಕ್ಲಾಸನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. 2019ರಲ್ಲಿ ಹಾಸನ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ, ಫಲಿತಾಂಶದ ಒತ್ತಡ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಮಾಡಿ, ಮುಂದಿನ ವರ್ಷ ಅದೇ ಮಕ್ಕಳಿಂದ ಎಂಟನೆಯವರಿಗೆ ಒಂದು ಚರ್ಚೆ ನಡೆಸಿಕೊಡಲು ಕೇಳಿ.